ಮುಂಭಾಗ ಅಸಲಿ, ಹಿಂಭಾಗ ಅಸಲಿ, ಕಾರ್ಡ್ ನಕಲಿ

ನನ್ನ ಆಲ್ಬಮ್‌ನ ಮೊದಲ ಪುಟದಲ್ಲಿ ಶಿವನ್ ಡ್ರ್ಯಾಗನ್ ಅನ್ನುವ ಒಂದು ಆಟದ ಕಾರ್ಡ್ ಇದೆ. ಅದು ನಕಲಿ. ಬೇಕಂತಲೇ ಅಲ್ಲಿಟ್ಟಿದ್ದೇನೆ.

‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟದ ಹಳೇ ಕಾರ್ಡ್ ಕೂಡಿಹಾಕುವುದು ನನ್ನ ಹುಚ್ಚು. ರಿಚರ್ಡ್ ಗಾರ್ಫೀಲ್ಡ್ ಕಟ್ಟಿದ ಈ ಆಟ ಬಂದದ್ದು 1993ರ ಆಗಸ್ಟ್‌ನಲ್ಲಿ. ಮೊದಲ ಮುದ್ರಣಕ್ಕೆ ಆಲ್ಫಾ ಅಂತ ಹೆಸರು, ಒಟ್ಟು 295 ಕಾರ್ಡ್. ಅದರಲ್ಲಿ ಎರಡು ಕಾರ್ಡ್ ಸೇರಿಸುವುದೇ ಮರೆತುಹೋಗಿತ್ತು. ಎರಡನೇ ಮುದ್ರಣ ಬೀಟಾದಲ್ಲಿ ಅವೂ ಬಂದವು, ಜೊತೆಗೆ ಆಟಕ್ಕೆ ಶಕ್ತಿ ಒದಗಿಸುವ ಲ್ಯಾಂಡ್ ಕಾರ್ಡ್‌ಗಳಿಗೆ ಇನ್ನಷ್ಟು ಚಿತ್ರ ಸೇರಿ 302 ಆಯ್ತು. ಎರಡಕ್ಕೂ ಕಪ್ಪು ಅಂಚು. ಆಲ್ಫಾದ ಮೂಲೆಗಳು ಮಾತ್ರ ಜಾಸ್ತಿ ದುಂಡಗೆ. ವರ್ಷದ ಕೊನೆಗೆ ಬಂದ ಮೂರನೇ ಮುದ್ರಣ ಅನ್‌ಲಿಮಿಟೆಡ್‌ಗೆ ಬಿಳಿ ಅಂಚು.

ಎಲ್ಲರ ಹಾಗೆ ನನಗೂ ಮೊದಲು ಬ್ಲ್ಯಾಕ್ ಲೋಟಸ್ ಅನ್ನುವ ತುಂಬ ದುಬಾರಿ ಕಾರ್ಡಿನ ಕನಸೇ. ಅದು ಆಗುವ ಮಾತಲ್ಲ ಅಂತ ಬೇಗ ಗೊತ್ತಾಯ್ತು. ಹಾಗಾಗಿ 1994ರ ‘ಫಾಲನ್ ಎಂಪೈರ್ಸ್’ ಕಾರ್ಡ್‌ಗಳಿಂದ ಶುರು ಮಾಡಿದೆ. ಆ ಸೆಟ್ ಎಷ್ಟು ಅಚ್ಚಾಗಿತ್ತೆಂದರೆ ಇವತ್ತಿಗೂ ಅದನ್ನು ಯಾರೂ ಅಷ್ಟು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೈ ಪಳಗಿಸಲು ಅದೇ ಬೇಕಿತ್ತು. ಹಳೇ ಕಾಗದದ ಬಿಗಿ ಎಷ್ಟು, ಹೊಳಪು ಹೇಗೆ, ಸವೆದರೆ ಬಿಳಿ ಎಲ್ಲಿಂದ ಏಳುತ್ತದೆ, ಇದೆಲ್ಲ ಮುಟ್ಟಿ ಮುಟ್ಟಿಯೇ ಗೊತ್ತಾಗಬೇಕು.

ಆಮೇಲೆ ಧೈರ್ಯ ಬಂತು. ಬೀಟಾದ ಶಿವನ್ ಡ್ರ್ಯಾಗನ್ ಒಂದು ಮಾರಾಟಕ್ಕಿತ್ತು. ಮೆಲಿಸ್ಸಾ ಬೆನ್ಸನ್ ಬಿಡಿಸಿದ ಆ ಡ್ರ್ಯಾಗನ್ ಮುಂದೆ ಎಷ್ಟೋ ಸಲ ಮತ್ತೆ ಅಚ್ಚಾಗಿದೆ, ಬೀಟಾದ್ದು ಸಿಗುವುದು ಕಷ್ಟ. ತಂದವನೇ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಕೂತೆ. ಚಿತ್ರದಲ್ಲಿ ಬಣ್ಣದ ಚುಕ್ಕಿಗಳು ಹೂವಿನ ಹಾಗೆ ಕೂಡಿಕೊಂಡಿದ್ದವು. ಅಕ್ಷರಗಳ ಕಪ್ಪು ಗಟ್ಟಿಯಾಗಿತ್ತು, ಒಂದೂ ಚುಕ್ಕಿ ಇಲ್ಲ. ಹಿಂಭಾಗದಲ್ಲಿ ಐದು ಬಣ್ಣದ ಗುಂಡುಗಳಿರುತ್ತವಲ್ಲ, ಅದರ ಹಸಿರು ಗುಂಡಿನೊಳಗೆ ನಾಲ್ಕು ಸಣ್ಣ ಕೆಂಪು ಚುಕ್ಕಿಗಳು ಮೂಲೆಮಟ್ಟದ ಆಕಾರದಲ್ಲಿ ಇರಬೇಕು. ಇದ್ದವು! ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ, ಖುಷಿಗೆ.

ಎರಡು ತಿಂಗಳ ನಂತರ ಇನ್ನೊಂದು ಬೀಟಾ ಕಾರ್ಡ್ ಬಂತು, ಸುಲಭವಾಗಿ ಸಿಗುವ ‘ಕಾಮನ್’ ದರ್ಜೆಯದು. ಸುಮ್ನೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ಡ್ರ್ಯಾಗನ್‌ನ ಒಂದು ಮೂಲೆ ಕೂದಲೆಳೆಯಷ್ಟು ಒಳಗಿತ್ತು. ಎದೆ ಧಸಕ್ಕೆಂದಿತು. ಕಾರ್ಡನ್ನು ಅಡ್ಡ ಹಿಡಿದು ದಪ್ಪದ ಕಡೆಯಿಂದ ಲೂಪ್‌ನಲ್ಲಿ ನೋಡಿದೆ. ಅಸಲಿ ಕಾರ್ಡ್ ಎರಡು ಪದರದ ಕಾಗದ, ನಡುವೆ ತೆಳ್ಳಗೆ ನೀಲಿ ಗೆರೆ ಕಾಣಬೇಕು. ಇಲ್ಲಿ ಆ ಗೆರೆ ಒಂದು ಕಡೆ ಇತ್ತು, ಒಂದು ಕಡೆ ಇರಲಿಲ್ಲ. ಅದರ ಜಾಗದಲ್ಲಿ ಹಳದಿಗಟ್ಟಿದ ಅಂಟು.

ಆಗಿದ್ದು ಇಷ್ಟು. 1993ರಲ್ಲೇ ಬೀಟಾದ ಕಾರ್ಡ್‌ಗಳನ್ನೆಲ್ಲ ಸೇರಿಸಿ ಕಲೆಕ್ಟರ್ಸ್ ಎಡಿಷನ್ ಅಂತ ಒಂದು ಪೆಟ್ಟಿಗೆ ಬಂದಿತ್ತು. ಅದರ ಕಾರ್ಡ್‌ಗಳ ಮುಂಭಾಗ ಬೀಟಾದ ಹಾಗೇ. ಆದರೆ ಮೂಲೆಗಳು ಚೌಕ, ಹಿಂಭಾಗಕ್ಕೆ ಚಿನ್ನದ ಬಣ್ಣದ ಅಂಚು. ಯಾರೋ ಅಂಥದ್ದೊಂದನ್ನು ಪದರ ಬಿಡಿಸಿ, ಬೇರೊಂದು ಅಗ್ಗದ ಕಾರ್ಡಿನ ಬೆನ್ನು ಅಂಟಿಸಿ, ಮೂಲೆ ದುಂಡಗೆ ಕತ್ತರಿಸಿದ್ದರು. ಮುಂದಿನದೂ ನಿಜವಾದ ಮುದ್ರಣ, ಹಿಂದಿನದೂ ನಿಜವಾದ ಮುದ್ರಣ. ನನ್ನ ಪರೀಕ್ಷೆ ಎರಡರಲ್ಲೂ ಪಾಸಾಗದೆ ಇನ್ನೇನಾಗುತ್ತೆ? ಕೋಪದ ಜೊತೆಗೆ, ನಿಜ ಹೇಳಬೇಕೆಂದರೆ, ಆ ಕೈಚಳಕಕ್ಕೆ ಸ್ವಲ್ಪ ಮೆಚ್ಚುಗೆಯೂ ಆಯ್ತು. ಮಾರಿದವರು ಫೋನ್ ಎತ್ತಲಿಲ್ಲ.

ಅವತ್ತಿಂದ ನಾನು ಮೊದಲು ನೋಡುವುದೇ ಕಾರ್ಡಿನ ದಪ್ಪವನ್ನು, ಆಮೇಲೆ ಮುಖ. ಇದರಿಂದ ಇನ್ನೊಂದು ಮೋಸವೂ ಸಿಕ್ಕಿಬೀಳುತ್ತದೆ. ಕಪ್ಪು ಅಂಚು ಸವೆದು ಬಿಳಿ ಕಂಡಲ್ಲಿ ಮಾರ್ಕರ್ ಹಚ್ಚಿ ಹೊಸದರಂತೆ ಮಾಡುತ್ತಾರೆ. ಮುಂದಿನಿಂದ ಅಂದವಾಗಿಯೇ ಕಾಣುತ್ತದೆ. ಪಕ್ಕದಿಂದ ನೋಡಿದರೆ ಬಿಳಿ ಇರಬೇಕಾದ ಕಾಗದದೊಳಗೆ ಶಾಯಿ ಇಳಿದಿರುತ್ತದೆ. ಕಾರ್ಡ್ ಬಗ್ಗಿಸಿ ನೋಡುವ ಪರೀಕ್ಷೆಯೂ ಒಂದಿದೆ, ನಾನು ಮಾಡುವುದಿಲ್ಲ. ಅಸಲಿಯೇ ಆಗಿದ್ದು ಮಡಿಕೆ ಬಿದ್ದರೆ?

ಗ್ರೇಡಿಂಗ್ ಕಂಪನಿಗಳು ಕಾರ್ಡ್ ಪರೀಕ್ಷಿಸಿ, ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಅಂಕ ಕೊಟ್ಟು ಕಳಿಸುತ್ತವೆ. ನೆಮ್ಮದಿಗೆ ಅದು ಒಳ್ಳೆಯದೇ. ನನಗೆ ಮಾತ್ರ ಕಾರ್ಡ್ ಮುಟ್ಟದೆ ಇರಲಾಗುವುದಿಲ್ಲ. ನನ್ನವು ತೆಳು ಪ್ಲಾಸ್ಟಿಕ್ ಸ್ಲೀವ್, ಅದರ ಮೇಲೆ ಟಾಪ್‌ಲೋಡರ್ ಅನ್ನುವ ಗಟ್ಟಿ ಕವಚ, ಒಳಗೆ ತೇವ ಹೀರುವ ಸಣ್ಣ ಪೊಟ್ಟಣ, ಅಷ್ಟರಲ್ಲೇ ಇವೆ. ಪಿವಿಸಿ ಪುಟಗಳ ಆಲ್ಬಮ್ ಬೇಡ, ವರ್ಷಗಳಾದಂತೆ ಜಿಗುಟಾಗಿ ಕಾರ್ಡಿಗೆ ಅಂಟುತ್ತದೆ.

ಹೋದ ತಿಂಗಳು ಮತ್ತೊಂದು ಬೀಟಾ ಶಿವನ್ ಡ್ರ್ಯಾಗನ್ ಮಾರಾಟಕ್ಕೆ ಬಂದಿತ್ತು. ಪಕ್ಕದಿಂದ ತೆಗೆದ ಫೋಟೋ ಒಂದು ಕಳಿಸಿ ಅಂತ ಕೇಳಿದೆ. ಮುಂದಿನದು, ಹಿಂದಿನದು ಹತ್ತು ಹತ್ತು ಫೋಟೋ ಬಂದವು. ಪಕ್ಕದ್ದು ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.