ಬುಲೆಟಿನ್ ಬೋರ್ಡ್ ಅಂಚೆಯನ್ನು ಆಫ್‌ಲೈನ್ ಓದಲು ಮನೆಯ ಕಂಪ್ಯೂಟರ್ ಸಜ್ಜು ಮಾಡಿದ ಬಗೆ

ಬುಲೆಟಿನ್ ಬೋರ್ಡ್ ಎಂದರೆ ಜನ ತಮ್ಮ ಕಂಪ್ಯೂಟರಿನಿಂದ ಸಂಪರ್ಕಿಸಿ ಸಂದೇಶ ಹಂಚಿಕೊಳ್ಳುವ ಕಂಪ್ಯೂಟರ್. ಅದರ ಅಂಚೆ ಓದಲು ಲೈನ್ ಹಿಡಿದು ಕೂಡಬೇಕಾಗಿಲ್ಲ. ಎರಡು ನಿಮಿಷ ಒಳಹೊಕ್ಕು ಹೊಸ ಸಂದೇಶಗಳ ಪ್ಯಾಕೆಟ್ ಇಳಿಸಿಕೊಳ್ಳಬೇಕು, ಸಂಪರ್ಕ ಕಡಿಯಬೇಕು, ನಿವಾಂತ ಓದಿ ಉತ್ತರ ಬರೆದು ಮುಂದಿನ ಸಲ ಅದನ್ನು ಏರಿಸಬೇಕು. ಮೋಡೆಮ್ ಕಾಲದಲ್ಲಿ ಇದು ರೊಕ್ಕದ ಲೆಕ್ಕವಾಗಿತ್ತು. 14,400 ಬಿಪಿಎಸ್ ಮೋಡೆಮ್ ಸೆಕೆಂಡಿಗೆ ಸುಮಾರು 1,600 ಬೈಟ್ ತರುತ್ತಿತ್ತು. 150 ಕೆಬಿ ಪ್ಯಾಕೆಟ್ ಒಂದೂವರೆ ನಿಮಿಷದಲ್ಲಿ ಕೈಗೆ ಬರುತ್ತಿತ್ತು. ಅಷ್ಟೇ ಸಂದೇಶಗಳನ್ನು ಎಸ್‌ಟಿಡಿ ಕರೆಯಲ್ಲಿ ಓದುತ್ತ ಕೂತರೆ ಗಂಟೆಗಟ್ಟಲೆ ಬಿಲ್ಲು. ಈಗ ಬೋರ್ಡುಗಳು ಇಂಟರ್ನೆಟ್ಟಿನಲ್ಲೇ, ದೂರದ ಕಂಪ್ಯೂಟರಿನ ಒಳಹೊಗುವ ವಿಧಾನಗಳಾದ ಟೆಲ್‌ನೆಟ್, ಎಸ್‌ಎಸ್‌ಎಚ್ ಮೂಲಕ ಸಿಗುತ್ತವೆ. ಆದರೂ ಧಾರವಾಡದಲ್ಲಿ ನನಗೆ ಈ ಪದ್ಧತಿಯೇ ಸರಿ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಸಿಡಿಲು ಶುರುವಾದರೆ ರೂಟರಿನ ಕೇಬಲ್ ಕಿತ್ತಿಟ್ಟು, ಕರೆಂಟ್ ಹೋದರೂ ಬ್ಯಾಟರಿಯ ಮೇಲೆ ಓದು ಮುಂದುವರಿಸಬಹುದು.

ಯಂತ್ರ ಹಳೆಯದಾದರೂ ನಡೆಯುತ್ತದೆ. 1 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಧಾರಾಳ ಸಾಕು, ಬ್ಯಾಟರಿ ಮಾತ್ರ ಜೀವಂತ ಇರಲಿ. 32 ಬಿಟ್ ಪ್ರೊಸೆಸರ್ ಇದ್ದರೆ ಲಿನಕ್ಸ್ ಬಗೆಯಾದ ಡೆಬಿಯನ್ 12 ಹಾಕಿ. 13ರಲ್ಲಿ ಅಂಥ ಯಂತ್ರಗಳಿಗೆ ಇನ್‌ಸ್ಟಾಲರ್ ಇಲ್ಲ. ಓದಲು ಮಲ್ಟಿಮೇಲ್, ಜೊತೆಗೆ ಜಿಪ್ ಮತ್ತು ಅನ್‌ಜಿಪ್. ಈ ಕೊನೆಯ ಎರಡನ್ನು ಮರೆತರೆ ಮಲ್ಟಿಮೇಲ್ ತೆರೆದುಕೊಳ್ಳುತ್ತದೆ, ಪ್ಯಾಕೆಟ್ ಮಾತ್ರ ಬಿಚ್ಚುವುದಿಲ್ಲ. ಬೋರ್ಡಿಗೆ ಹೋಗಲು ಸಿಂಕ್‌ಟರ್ಮ್. ಅದರಲ್ಲಿ ಫೈಲು ಸಾಗಿಸುವ ಝಡ್‌ಮೋಡೆಮ್ ಒಳಗೇ ಇದೆ: ಆಲ್ಟ್ ಜೊತೆ ಡಿ ಒತ್ತಿದರೆ ಇಳಿಕೆ, ಯು ಒತ್ತಿದರೆ ಏರಿಕೆ.

ಮೊದಲ ಸಲ ಖಾತೆ ತೆರೆದ ಕೂಡಲೇ ಪ್ಯಾಕೆಟ್ ಕೇಳಬೇಡಿ. ಎಲ್ಲ ವಿಭಾಗಗಳೂ ಆಯ್ಕೆಯಾಗಿದ್ದರೆ ವರ್ಷಗಟ್ಟಲೆಯ ಹಳೆಯ ಸಂದೇಶಗಳು ಒಟ್ಟಿಗೇ ಬಂದು ಬೀಳುತ್ತವೆ. ನ್ಯೂ ಸ್ಕ್ಯಾನ್ ಆಯ್ಕೆಯಲ್ಲಿ ಎಲ್ಲವನ್ನೂ ತೆಗೆದುಹಾಕಿ, ಬೇಕಾದ ನಾಲ್ಕೈದು ವಿಭಾಗಗಳನ್ನಷ್ಟೇ ಹಚ್ಚಿಕೊಂಡು, ಎಲ್ಲಿಯವರೆಗೆ ಓದಿಯಾಯಿತು ಎಂದು ಬೋರ್ಡು ಇಟ್ಟುಕೊಳ್ಳುವ ಗುರುತಾದ ಪಾಯಿಂಟರನ್ನು ಇತ್ತೀಚಿನ ಸಂದೇಶಗಳಿಗೆ ತಂದು ನಿಲ್ಲಿಸಿ. ಆಮೇಲೆ ಕ್ಯೂಡಬ್ಲ್ಯೂಕೆ ಮೆನುವಿಗೆ ಹೋಗಿ. ಪ್ಯಾಕೆಟ್ಟಿನ ಮಾದರಿಯ ಹೆಸರೇ ಕ್ಯೂಡಬ್ಲ್ಯೂಕೆ.

ಈ ಕ್ಯೂಡಬ್ಲ್ಯೂಕೆ ಪ್ಯಾಕೆಟ್ಟಿನ ಒಳಗನ್ನು ಒಮ್ಮೆ ಬಿಚ್ಚಿ ನೋಡಲೇಬೇಕು. ಅರ್ಧಕ್ಕರ್ಧ ತೊಂದರೆಗಳ ಮೂಲ ಅಲ್ಲೇ ಕಾಣುತ್ತದೆ. ಅದು ಬರೇ ಒಂದು ಜಿಪ್ ಫೈಲು. ಒಳಗೆ ಕಂಟ್ರೋಲ್.ಡ್ಯಾಟ್ ಎಂಬ ಸಾದಾ ಪಠ್ಯ: ಮೊದಲ ಸಾಲಿನಲ್ಲಿ ಬೋರ್ಡಿನ ಹೆಸರು, ಐದನೆಯದರಲ್ಲಿ ಬೋರ್ಡಿನ ಐಡಿ, ಕೆಳಗೆ ವಿಭಾಗಗಳ ನಂಬರು ಮತ್ತು ಹೆಸರು. ಸಂದೇಶಗಳೆಲ್ಲ ಮೆಸೇಜಸ್.ಡ್ಯಾಟ್‌ನಲ್ಲಿ, 128 ಬೈಟಿನ ತುಂಡುಗಳಾಗಿ ಇರುತ್ತವೆ. ಪ್ರತಿ ಸಂದೇಶದ ಮೊದಲ ತುಂಡು ತಲೆಬರಹ: ಯಾರಿಗೆ, ಯಾರಿಂದ, ವಿಷಯ, ಮೂರಕ್ಕೂ ತಲಾ 25 ಬೈಟ್, ದಿನಾಂಕಕ್ಕೆ 8, ವೇಳೆಗೆ 5. ಸಾಲು ಮುಗಿದಲ್ಲಿ ಎಂಟರ್ ಬದಲು 227ನೇ ಬೈಟ್ ಬರುತ್ತದೆ. 1987ರಲ್ಲಿ ಡಾಸ್ ಯಂತ್ರಗಳಿಗಾಗಿ ಮಾರ್ಕ್ ಹೆರಿಂಗ್ ಮಾಡಿದ ಏರ್ಪಾಡು ಇದು. ಇಂದಿಗೂ ಹಾಗೇ ಇದೆ.

ಕನ್ನಡದಲ್ಲಿ ಬರೆಯುವವರಿಗೆ ಈ ಅಳತೆಗಳೇ ಮುಖ್ಯ. ಯುನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಕಾಗುಣಿತ ಚಿಹ್ನೆ, ಒತ್ತಿಗೆ ಬರುವ ಪ್ರತಿ ಹಲಂತ ಮೂರು ಬೈಟ್ ತಿನ್ನುತ್ತದೆ. ‘ಗದಗ’ 9 ಬೈಟ್, ‘ಹಾವೇರಿ’ 18, ‘ಧಾರವಾಡ’ 18. ‘ಹುಬ್ಬಳ್ಳಿ’ ಮಾತ್ರ 27. ಎಂದರೆ ಹುಬ್ಬಳ್ಳಿ ಎಂಬ ಒಂದೇ ಪದ ವಿಷಯದ ಸಾಲಿಗೆ ಹಿಡಿಸುವುದಿಲ್ಲ! ಕೊನೆಯ ಗುಡಿಸು ಅರ್ಧಕ್ಕೆ ಕತ್ತರಿಸಿ, ಒಂದು ಮುರುಕು ಬೈಟ್ ಉಳಿಯುತ್ತದೆ. ಆದ್ದರಿಂದ ವಿಷಯದ ಸಾಲನ್ನು ನಾನು ಯಾವಾಗಲೂ ರೋಮನ್ ಲಿಪಿಯಲ್ಲೇ, 25 ಅಕ್ಷರದೊಳಗೆ ಬರೆಯುತ್ತೇನೆ.

ಸಂದೇಶದ ಒಡಲಿಗೆ ಈ ಕಾಟವಿಲ್ಲ. ಕನ್ನಡದ ಪ್ರತಿ ಅಕ್ಷರದ ಮೊದಲ ಬೈಟ್ 224, ಉಳಿದೆರಡು 128ರಿಂದ 191ರ ಒಳಗೆ. ಸಾಲು ಮುರಿಯುವ 227 ಕನ್ನಡದಲ್ಲಿ ಎಲ್ಲಿಯೂ ಬರುವುದೇ ಇಲ್ಲ. ಕೆಡಿಸುವುದು ಬೇರೆ: ಓದುವ ಪ್ರೋಗ್ರಾಮು ಡಾಸ್‌ನ 437ನೇ ಅಕ್ಷರಪಟ್ಟಿಯಿಂದ ಲ್ಯಾಟಿನ್-1ಕ್ಕೆ ಬದಲಿಸಲು ಹೋಗಿ 127ಕ್ಕಿಂತ ಮೇಲಿನ ಬೈಟುಗಳನ್ನೆಲ್ಲ ಅದಲುಬದಲು ಮಾಡುತ್ತದೆ. ತೆರೆಯ ಮೇಲೆ ಕನ್ನಡ ಚಿತ್ತುಚಿತ್ತಾಗಿ ಕಂಡರೆ ಸಂದೇಶವೇ ಹಾಳಾಯಿತು ಎಂದುಕೊಳ್ಳಬೇಡಿ. ಮೆಸೇಜಸ್.ಡ್ಯಾಟ್ ಅನ್ನು ಬೇರೆ ಫೋಲ್ಡರಿಗೆ ಬಿಚ್ಚಿ, ‘ಟಿಆರ್’ ಆಜ್ಞೆಯಿಂದ ಆಕ್ಟಲ್ 343 (ಎಂಟರ ಎಣಿಕೆಯಲ್ಲಿ ಅದೇ 227) ಇದ್ದಲ್ಲೆಲ್ಲ ಹೊಸಸಾಲು ಹಾಕಿಸಿ, ಸಾದಾ ಎಡಿಟರಿನಲ್ಲಿ ಯುಟಿಎಫ್-8 ಎಂದು ತೆರೆಯಿರಿ. ಕಳಿಸಿದವರ ಕಡೆಯಲ್ಲಿ ಕೆಡದಿದ್ದರೆ ಕನ್ನಡ ಚೊಕ್ಕಟವಾಗಿ ಬರುತ್ತದೆ.

ಇನ್ನು ಹೆಚ್ಚಾಗಿ ಎಡವುವ ಜಾಗ ಇಳಿಕೆಯ ಫೋಲ್ಡರು. ಬೋರ್ಡು ಪ್ರತಿ ಸಲವೂ ಅದೇ ಹೆಸರಿನ ಪ್ಯಾಕೆಟ್ ಕೊಡುತ್ತದೆ. ಬೋರ್ಡು ನಡೆಸುವ ಸಿಂಕ್ರೊನೆಟ್ ತಂತ್ರಾಂಶದ ತವರು ಬೋರ್ಡಾದ ವರ್ಟ್ರಾವೆನ್‌ನದಾದರೆ ಯಾವಾಗಲೂ ‘ವರ್ಟ್’. ನಿನ್ನೆಯದು ಅಲ್ಲೇ ಬಿದ್ದಿದ್ದರೆ ಝಡ್‌ಮೋಡೆಮ್ ಅದನ್ನು ಅರ್ಧಕ್ಕೆ ನಿಂತ ಇಳಿಕೆ ಎಂದು ತಿಳಿದು, ಹಳೆಯ ಫೈಲಿನ ಬಾಲಕ್ಕೆ ಹೊಸದನ್ನು ಹೊಲಿಯುವ ಸಂಭವ ಉಂಟು. ಆಗ ಜಿಪ್ ತೆರೆಯುವುದಿಲ್ಲ. ಇತ್ತ ಬೋರ್ಡು ಮಾತ್ರ ಕೊಟ್ಟಾಯಿತೆಂದು ಪಾಯಿಂಟರ್ ಮುಂದೆ ಸರಿಸಿರುತ್ತದೆ. ಅದಕ್ಕೇ ಕೆಲಸದ ಕ್ರಮ ಹೀಗಿರಲಿ: ಮೊದಲು ಉತ್ತರದ ರೆಪ್ ಫೈಲನ್ನು ಏರಿಸಿ, ಬೋರ್ಡು ಒಪ್ಪಿಕೊಂಡ ಮೇಲೆ ರೆಪ್ ಅನ್ನೂ ಹಳೆಯ ಪ್ಯಾಕೆಟ್ಟನ್ನೂ ದಿನಾಂಕ ಹಚ್ಚಿ ಬೇರೆಡೆ ಸರಿಸಿ, ಆಮೇಲೆ ಹೊಸದನ್ನು ಇಳಿಸಿ, ಲೈನ್ ಕಡಿಯುವ ಮೊದಲೇ ಅನ್‌ಜಿಪ್‌ಗೆ ‘ಟಿ’ ಆಯ್ಕೆ ಕೊಟ್ಟು ಪರೀಕ್ಷಿಸಿ. ಕೆಟ್ಟಿದ್ದರೆ ಅಲ್ಲೇ ಪಾಯಿಂಟರ್ ಹಿಂದೆ ಸರಿಸಿ ಮತ್ತೊಮ್ಮೆ ಕೇಳಬಹುದು.

ಸಿಂಕ್ರೊನೆಟ್ ಬೋರ್ಡಿನ ಆಪರೇಟರ್ ಅನುಮತಿಸಿದ್ದರೆ ಇದೇ ಪ್ಯಾಕೆಟ್, ಫೈಲು ಸಾಗಿಸುವ ಇನ್ನೊಂದು ವಿಧಾನವಾದ ಎಫ್‌ಟಿಪಿಯಲ್ಲೂ ಸಿಗುತ್ತದೆ. ಆಗ ಸಣ್ಣ ಸ್ಕ್ರಿಪ್ಟ್ ಬರೆದು, ಹೇಳಿದ ವೇಳೆಗೆ ಕೆಲಸ ನಡೆಸುವ ಕ್ರಾನ್‌ಗೆ ವಹಿಸಿದರೆ ನಸುಕಿನಲ್ಲಿ ತಾನೇ ತಂದಿಡುತ್ತದೆ. ಟೆಲ್‌ನೆಟ್, ಎಫ್‌ಟಿಪಿ ಎರಡರಲ್ಲೂ ಪಾಸ್‌ವರ್ಡ್ ಬಚ್ಚಿಡದೆ ತೆರೆದಂತೆಯೇ ಹೋಗುತ್ತದೆ. ಬ್ಯಾಂಕಿನದೋ ಇಮೇಲಿನದೋ ಪಾಸ್‌ವರ್ಡನ್ನು ಇಲ್ಲಿ ಖಂಡಿತ ಹಾಕಬಾರದು.

ದಿನಾಂಕ ಓದುವಾಗಲೂ ಎಚ್ಚರ ಬೇಕು. ತಿಂಗಳು ಮೊದಲು, ದಿನ ಆಮೇಲೆ: 05-06-25 ಎಂದರೆ ಮೇ 6, ಜೂನ್ 5 ಅಲ್ಲ. ತಲೆಬರಹದಲ್ಲಿ ಕಾಲವಲಯಕ್ಕೆ ಜಾಗವೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬರೆದದ್ದಾದರೆ ಬೇಸಿಗೆಯಲ್ಲಿ ಹನ್ನೆರಡೂವರೆ ತಾಸು, ಚಳಿಗಾಲದಲ್ಲಿ ಹದಿಮೂರೂವರೆ ತಾಸು ಕೂಡಿಸಿಕೊಳ್ಳಬೇಕು. ತಿಂಗಳುಗಟ್ಟಲೆ ಹಳೆಯದಾದ ಪ್ಯಾಕೆಟ್ಟಿಗೆ ಉತ್ತರ ಬರೆಯದಿರುವುದು ಒಳ್ಳೆಯದು. ರೆಪ್‌ನಲ್ಲಿ ಹೋಗುವುದು ವಿಭಾಗದ ಹೆಸರಲ್ಲ, ಅದರ ನಂಬರು. ಅಷ್ಟರಲ್ಲಿ ಆಪರೇಟರ್ ವಿಭಾಗಗಳಿಗೆ ಹೊಸ ನಂಬರು ಕೊಟ್ಟಿದ್ದರೆ ನಿಮ್ಮ ಉತ್ತರ ಸಂಬಂಧವೇ ಇಲ್ಲದ ವಿಭಾಗಕ್ಕೆ ಹೋಗಿ ಬೀಳುತ್ತದೆ. ಹೊಸ ಪ್ಯಾಕೆಟ್ ತಂದು, ಅದರೊಳಗಿಂದ ಅದೇ ವಿಭಾಗವನ್ನು ತೆರೆದು ಬರೆಯಿರಿ.