ಉಪ್ಪುನೀರಿನ ಮೀನಿಗೆ ಕಾಯಿಲೆಯೇ? ಮೊದಲು ನೀರು ನೋಡಿ, ಆಮೇಲೆ ಮದ್ದು

ಕ್ಲೌನ್ ಮೀನು ಮೇವು ಮುಟ್ಟುತ್ತಿಲ್ಲ, ಮೂಲೆ ಹಿಡಿದು ಏದುಸಿರು ಬಿಡುತ್ತಿದೆ. ಅಂಗಡಿಗೆ ಓಡಿ ಮದ್ದಿನ ನೀಲಿ ಬಾಟಲಿ ತರುವ ಮೊದಲು ನೀರಿನ ಟೆಸ್ಟ್ ಕಿಟ್ ಕೈಗೆತ್ತಿಕೊಳ್ಳಿ. ಹೊಸ ಟ್ಯಾಂಕಿನಲ್ಲಿ ಮೀನು ಸೊರಗಿದರೆ ಮೊದಲು ಅನುಮಾನಿಸಬೇಕಾದದ್ದು ನೀರನ್ನು.

ಮೀನಿನ ಹೊಲಸು, ಕೊಳೆತ ಮೇವಿನಿಂದ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಅಮೋನಿಯಾ ಕಂಡರೆ ಅಂದೇ ಕಾಲುಭಾಗ ನೀರು ಬದಲಿಸಿ, ಮೇವು ನಿಲ್ಲಿಸಿ. ನೀರಿನಲ್ಲಿ ಉಪ್ಪು ಎಷ್ಟೆಂದು ಹೇಳುವ ಸಾಪೇಕ್ಷ ಸಾಂದ್ರತೆ 1.025, ತಾಪಮಾನ 25–26 ಡಿಗ್ರಿ, ಪಿಎಚ್ 8.1ರಿಂದ 8.4. ಉಪ್ಪು ಅಳೆಯುವ ಹೈಡ್ರೋಮೀಟರಿನ ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಉಪ್ಪು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ತಟ್ಟಿ ಮತ್ತೆ ನೋಡಿ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಮಟ್ಟ ಇಳಿದಾಗ ಸೇರಿಸಬೇಕಾದದ್ದು ಬರೀ ಆರ್‌ಒ ನೀರು. ಮಂಗಳೂರಿನಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರಿಸುವವರೂ ಇದ್ದಾರೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ಸಿಹಿನೀರು ದಡದ ಬಳಿ ಬೆರೆತು ಉಪ್ಪು ಇಳಿದಿರುತ್ತದೆ, ಅಳೆಯದೆ ಸುರಿಯಬೇಡಿ.

ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿವೆ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಇಲ್ಲಿ ನೀರಿನಲ್ಲಿ ಕರಗುವ ಆಮ್ಲಜನಕವೂ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಕಿವಿರು ಕೆಟ್ಟ ಮೀನಿಗೆ ಅಷ್ಟೂ ದೊಡ್ಡದೇ, ಹಾಗಾಗಿ ಏರ್ ಪಂಪ್ ಹಗಲೂ ರಾತ್ರಿ ಓಡಲಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಕೈಕೊಡುವುದು ಹೊಸತಲ್ಲ, ಬ್ಯಾಟರಿ ಪಂಪ್ ಒಂದು ಇಟ್ಟುಕೊಳ್ಳಿ.

ನೀರು ಸರಿಯಿದ್ದೂ ಮೀನು ನರಳುತ್ತಿದ್ದರೆ ಟಾರ್ಚ್ ಹಿಡಿದು ಪಕ್ಕದಿಂದ ನೋಡಿ. ಉಪ್ಪಿನ ಹರಳಿನಷ್ಟು ದಪ್ಪದ, ಎಣಿಸಬಹುದಾದ ಬಿಳಿ ಚುಕ್ಕೆಗಳಿದ್ದರೆ ಅದು ಇಕ್, ಅಂದರೆ ಕ್ರಿಪ್ಟೋಕ್ಯಾರಿಯಾನ್ ಪರಾವಲಂಬಿ. ಎಣಿಸಲಾಗದಷ್ಟು ಸಣ್ಣ, ಹೊಂಬಣ್ಣದ ಹುಡಿ ಉದುರಿಸಿದಂತಿದ್ದು, ಮೀನು ಪಂಪಿನ ಹರಿವಿಗೆ ಮುಖ ಕೊಟ್ಟು ನಿಂತು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗ. ಇದು ಎರಡು ಮೂರು ದಿನದಲ್ಲೇ ಕೊಲ್ಲಬಲ್ಲದು. ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಪದರಪದರವಾಗಿ ಕಳಚುತ್ತಿದ್ದರೆ ಬ್ರೂಕ್ಲಿನೆಲ್ಲಾ ಎಂಬ ಮೂರನೇ ಪರಾವಲಂಬಿ. ಈ ಮೂರನ್ನು ಬೇರ್ಪಡಿಸದೆ ಮದ್ದು ಹಾಕಿ ಫಲವಿಲ್ಲ: ತಾಮ್ರ ಮೊದಲೆರಡಕ್ಕೆ ನಾಟುತ್ತದೆ, ಬ್ರೂಕ್ಲಿನೆಲ್ಲಾಕ್ಕೆ ನಾಟುವುದಿಲ್ಲ. ಅದಕ್ಕೆ ಬೇಕಾದದ್ದು ಫಾರ್ಮಲಿನ್ ಇರುವ ಅಕ್ವೇರಿಯಂ ಮದ್ದಿನ ಸ್ನಾನ. ಲೇಬಲ್ಲಿನ ಪ್ರಮಾಣ ಮೀರದೆ, ಪ್ರತ್ಯೇಕ ಬಕೆಟ್ಟಿನಲ್ಲಿ, ಜೋರಾಗಿ ಗಾಳಿ ಬಿಟ್ಟು ಮಾಡಿ.

ಮುಖ್ಯ ಟ್ಯಾಂಕಿಗೆ ಮದ್ದು ಸುರಿಯಲೇಬೇಡಿ. ತಾಮ್ರ ಸಿಗಡಿ, ಬಸವನಹುಳು, ಹವಳಗಳನ್ನು ಕೊಲ್ಲುತ್ತದೆ. ಕಲ್ಲು, ಮರಳು ಅದನ್ನು ಹೀರಿಕೊಂಡು ಆಮೇಲೆ ಬಿಡುತ್ತಿರುತ್ತವೆ. ಮದ್ದು ಕೊಡಲೆಂದೇ ಬೇರೆ ಇಡುವ ಆಸ್ಪತ್ರೆ ಟ್ಯಾಂಕ್ ಕಟ್ಟುವುದು ದುಬಾರಿಯೇನಲ್ಲ: 40 ಲೀಟರಿನ ಗಾಜಿನ ತೊಟ್ಟಿ, ಸ್ಪಾಂಜ್ ಫಿಲ್ಟರ್, 100 ವಾಟ್ ಹೀಟರ್ (ಡಿಸೆಂಬರ್ ಚಳಿಗೆ 50 ವಾಟ್ ಸಾಲದೆ ಹೋಗಬಹುದು), ಮೀನು ಅಡಗಲು ಪಿವಿಸಿ ಪೈಪಿನ ಎಲ್ಬೋ ಎರಡು. ಮರಳು, ಕಲ್ಲು ಬೇಡ. ಸ್ಪಾಂಜನ್ನು ಮುಖ್ಯ ಟ್ಯಾಂಕಿನಲ್ಲಿ ಮೊದಲೇ ಕೆಲವು ವಾರ ಓಡಿಸಿಟ್ಟಿದ್ದರೆ ಒಳ್ಳೆಯ ಬ್ಯಾಕ್ಟೀರಿಯಾ ಕೂತಿರುತ್ತದೆ.

ಚುಕ್ಕೆ ಕಂಡ ಮೀನನ್ನಷ್ಟೇ ಅಲ್ಲ, ಮುಖ್ಯ ಟ್ಯಾಂಕಿನ ಎಲ್ಲ ಮೀನುಗಳನ್ನೂ ಆಸ್ಪತ್ರೆ ಟ್ಯಾಂಕಿಗೆ ತನ್ನಿ. ಕೀಲೇಟೆಡ್ (ಬೇರೆ ರಾಸಾಯನಿಕಕ್ಕೆ ಕಟ್ಟಿಹಾಕಿದ) ತಾಮ್ರವಾದರೆ ಲೀಟರಿಗೆ 2ರಿಂದ 2.5 ಮಿಲಿಗ್ರಾಂ, ಅಯಾನಿಕ್ (ಕಟ್ಟಿಲ್ಲದ, ಬಿಡಿ ತಾಮ್ರ) ಆದರೆ 0.15ರಿಂದ 0.20. ಎರಡರ ನಡುವೆ ಹತ್ತುಪಟ್ಟಿಗೂ ಹೆಚ್ಚು ಅಂತರ, ಆದ್ದರಿಂದ ಬಾಟಲಿ ಯಾವ ಬಗೆಯದೆಂದು ಓದಿ, ಅದಕ್ಕೆ ಹೊಂದುವ ತಾಮ್ರದ ಟೆಸ್ಟ್ ಕಿಟ್ ತನ್ನಿ. ಎರಡು ದಿನದಲ್ಲಿ ಹಂತಹಂತವಾಗಿ ಏರಿಸಿ, ಅದೇ ಮಟ್ಟದಲ್ಲಿ 30 ದಿನ ನಿಲ್ಲಿಸಿ. 10 ಲೀಟರ್ ನೀರು ಬದಲಿಸಿದರೆ 10 ಲೀಟರಿನ ಮದ್ದಷ್ಟೇ ಸೇರಿಸಿ. ತಾಮ್ರವಿರುವ ನೀರಿಗೆ ಅಮೋನಿಯಾ ಕಟ್ಟಿಹಾಕುವ ಕಂಡೀಷನರ್ ಹಾಕಬಾರದು. ಕೆಲವು ಬಗೆಯವು ತಾಮ್ರವನ್ನು ಇನ್ನಷ್ಟು ವಿಷವಾಗಿಸುತ್ತವೆ. ಅಮೋನಿಯಾ ಏರಿದರೆ ನೀರು ಬದಲಿಸುವುದೇ ದಾರಿ.

ಕಾಫಿ ತೋಟದವರ ಮನೆಯಲ್ಲಿ ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲ ಇದ್ದೇ ಇರುತ್ತದೆ. ‘ತಾಮ್ರ ತಾನೇ’ ಎಂದು ಅದಕ್ಕೆ ಕೈಹಾಕುವ ಆಸೆ ಬೇಡ. ಅಯಾನಿಕ್ ಲೆಕ್ಕದಲ್ಲಿ 40 ಲೀಟರಿಗೆ ಹಿಡಿಯುವ ಮೈಲುತುತ್ತ ಬರೀ 30 ಮಿಲಿಗ್ರಾಂ ಆಸುಪಾಸು, ಅದರಲ್ಲಿ ತಾಮ್ರ ಕಾಲುಭಾಗವಷ್ಟೇ. ಚಿಟಿಕೆ ಹಾಕಿದರೂ ಅದರ ಹಲವು ಪಟ್ಟು. ಸಾಲದ್ದಕ್ಕೆ ತೋಟದ ಮೈಲುತುತ್ತ ಎಷ್ಟು ಶುದ್ಧವೋ ಯಾರಿಗೆ ಗೊತ್ತು. ಬೋರ್ಡೋ ಹೊಡೆದ ಕೈಯನ್ನು ತೊಳೆಯದೆ ಟ್ಯಾಂಕಿನೊಳಗೂ ಹಾಕಬಾರದು.

ಹೊಸಬರು ಎಡವುವುದು ನಾಲ್ಕೈದನೇ ದಿನ. ಚುಕ್ಕೆ ಮಾಯವಾಗುತ್ತದೆ, ವಾಸಿಯಾಯಿತೆಂದು ಮದ್ದು ನಿಲ್ಲಿಸುತ್ತಾರೆ. ಇಕ್ ಪರಾವಲಂಬಿ ಮೀನಿನ ಮೈಮೇಲೆ ಇರುವುದು 3ರಿಂದ 7 ದಿನ. ಆಮೇಲೆ ತಾನಾಗಿ ಉದುರಿ ಕಲ್ಲು, ಗಾಜಿನ ಮೇಲೆ ಕೋಶ ಕಟ್ಟಿಕೊಳ್ಳುತ್ತದೆ, ಅಲ್ಲಿಂದ ನೂರಾರು ಮರಿಗಳು ಹೊರಬಂದು ಮೀನನ್ನು ಹುಡುಕುತ್ತವೆ. ತಾಮ್ರ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. ಮೈಮೇಲಿರುವುದಕ್ಕೂ ಕೋಶದೊಳಗಿರುವುದಕ್ಕೂ ಅದು ತಗಲುವುದಿಲ್ಲ.

ಮುಖ್ಯ ಟ್ಯಾಂಕ್ ಈ ಕೋಶಗಳೆಲ್ಲ ಒಡೆದು ಮುಗಿಯುವವರೆಗೂ ಮೀನಿಲ್ಲದೆ ಖಾಲಿ ಇರಬೇಕು. ಕೆಲವು ಕೋಶಗಳು 70 ದಿನ ದಾಟಿಯೂ ಒಡೆಯುವುದರಿಂದ ಹವ್ಯಾಸಿಗಳು ಇಟ್ಟುಕೊಂಡಿರುವ ಲೆಕ್ಕ 76 ದಿನ. ಸಿಗಡಿ, ಬಸವನಹುಳು ಅಲ್ಲೇ ಇರಲಿ, ಅವಕ್ಕೆ ಇಕ್ ಅಂಟದು; ಚೂರು ಮೇವು ಹಾಕುತ್ತಿರಿ. 30 ದಿನ ಮುಗಿದ ಮೀನುಗಳ ನೀರಿನಿಂದ ಆಕ್ಟಿವೇಟೆಡ್ ಕಾರ್ಬನ್ ಹಾಕಿ ತಾಮ್ರ ತೆಗೆದು, ಉಳಿದ ದಿನ ಅಲ್ಲೇ ಸಾಕಿ. ಎರಡು ಟ್ಯಾಂಕಿಗೂ ಬಲೆ, ಮಗ್ಗು ಬೇರೆಬೇರೆ ಇರಲಿ. ನಡುವೆ ಒಂದೇ ಒಂದು ಹೊಸ ಮೀನು ಮುಖ್ಯ ಟ್ಯಾಂಕಿಗೆ ಬಿದ್ದರೂ 76 ದಿನದ ಎಣಿಕೆ ಮತ್ತೆ ಒಂದರಿಂದ.