ಇಂಗ್ಲೆಂಡಿನಲ್ಲಿ ಅಪ್ಪನಿಗೆ 65 ಆಯ್ತಾ? ಎಎಎ ಸ್ಕ್ಯಾನ್ ತಪ್ಪಿಸಬೇಡಿ

ಇಂಗ್ಲೆಂಡಿನಲ್ಲಿ ಗಂಡಸರಿಗೆ 65 ತುಂಬುವ ವರ್ಷ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ಎಎಎ ಸ್ಕ್ರೀನಿಂಗ್ ಪತ್ರ ಬರುತ್ತದೆ. ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿಕೊಳ್ಳುವುದಕ್ಕೇ ಎಎಎ ಎನ್ನುತ್ತಾರೆ. 'ನನಗೇನಾಗಿದೆ, ಸುಮ್ನೆ ಯಾಕೆ' ಎಂದು ಅದನ್ನು ಪಕ್ಕಕ್ಕಿಡಬೇಡಿ. ಏನೂ ಆಗಿಲ್ಲ ಅನ್ನಿಸುವವರಿಗಾಗಿಯೇ ಈ ಪರೀಕ್ಷೆ ಇರುವುದು.

ಹೃದಯದಿಂದ ಹೊರಟು ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳವೇ ಅಯೋರ್ಟಾ. ಹೊಟ್ಟೆಯಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ. ವಯಸ್ಸಾದಂತೆ ಅದರ ಗೋಡೆಗೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಎಳೆಗಳು ಸವೆಯುತ್ತವೆ. ನಾಳ ಗಡುಸಾಗುತ್ತದೆ, ನಿಧಾನಕ್ಕೆ ಅಗಲವೂ ಆಗುತ್ತದೆ. ಮೊದಲಿನಂತೆ ಹಿಗ್ಗಿ ಹೃದಯದ ಹೊಡೆತ ತಡೆಯಲು ಅದಕ್ಕಾಗುವುದಿಲ್ಲ. ಹಾಗಾಗಿಯೇ ವಯಸ್ಸಾದವರ ಬಿ.ಪಿ.ಯಲ್ಲಿ ಮೇಲಿನ ನಂಬರ್ ಏರುತ್ತದೆ, ಕೆಳಗಿನದು ಎಷ್ಟೋ ಸಲ ಇಳಿಯುತ್ತದೆ. 'ಕೆಳಗಿನದು ಸರಿಯಿದೆಯಲ್ವಾ' ಎಂದು ಸಮಾಧಾನ ಪಡಬೇಡಿ. ಜಾಸ್ತಿ ಬಿ.ಪಿ. ಆ ಗೋಡೆಯನ್ನು ಇನ್ನಷ್ಟು ಹಾಳು ಮಾಡುತ್ತದೆ. ಸಿಗರೇಟು ಅದಕ್ಕಿಂತಲೂ ಕೆಟ್ಟದ್ದು.

ಕೆಲವರಲ್ಲಿ ನಾಳ ಒಂದು ಕಡೆ ಉಬ್ಬಿಕೊಳ್ಳುತ್ತದೆ. ನೋವಿಲ್ಲ, ಸುಳಿವಿಲ್ಲ. ಒಡೆದರೆ ಮಾತ್ರ ಬದುಕುವವರು ಕಡಿಮೆ. ಹೊಟ್ಟೆಯಲ್ಲೋ ಬೆನ್ನಲ್ಲೋ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದರೆ ಕಾಯದೆ 999ಕ್ಕೆ ಫೋನ್ ಮಾಡಿ.

ಸ್ಕ್ಯಾನ್‌ಗೆ ಸೂಜಿ ಇಲ್ಲ, ಬಟ್ಟೆ ಬದಲಿಸಬೇಕಾಗಿಲ್ಲ. ಮಲಗಿ ಅಂಗಿ ಮೇಲೆತ್ತಿದರೆ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ಅದರ ಮೇಲೆ ಪ್ರೋಬ್ ಆಡಿಸುತ್ತಾರೆ. ಪರದೆಯ ಮೇಲೆ ನಾಳದ ಅಗಲ ಅಳೆಯುತ್ತಾರೆ. ಹತ್ತು-ಹದಿನೈದು ನಿಮಿಷದ ಕೆಲಸ, ಫಲಿತಾಂಶ ಅಲ್ಲೇ ಹೇಳುತ್ತಾರೆ. 3 ಸೆಂ.ಮೀ. ಒಳಗಿದ್ದರೆ ಮತ್ತೆ ಕರೆಯುವುದಿಲ್ಲ. 3ರಿಂದ 4.4 ಇದ್ದರೆ ವರ್ಷಕ್ಕೊಮ್ಮೆ, 4.5ರಿಂದ 5.4 ಇದ್ದರೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. 5.5 ಮುಟ್ಟಿದರೆ ರಕ್ತನಾಳದ ಸರ್ಜನ್ ಬಳಿ ಕಳಿಸುತ್ತಾರೆ. ಉಬ್ಬು ಕಂಡಮೇಲೂ ಆಪರೇಷನ್ ಮಾಡದೆ ಕಾಯಿಸುತ್ತಾರಲ್ಲ ಎಂದು ಗಾಬರಿಯಾಗಬೇಡಿ. ಚಿಕ್ಕ ಉಬ್ಬು ಒಡೆಯುವುದು ಅಪರೂಪ, ಆಪರೇಷನ್ನಿನ ಅಪಾಯವೇ ಅದಕ್ಕಿಂತ ಜಾಸ್ತಿ. 6 ಮುಟ್ಟಿದರೆ, ಕಾರು ಓಡಿಸುವವರು ಲೈಸೆನ್ಸ್ ಕೊಡುವ ಕಚೇರಿಯಾದ ಡಿವಿಎಲ್‌ಎಗೆ ತಿಳಿಸಲೇಬೇಕು.

ಪತ್ರ ಬರುವುದು ಜಿಪಿ (ನೀವು ಹೆಸರು ನೋಂದಾಯಿಸಿದ ಡಾಕ್ಟರ್) ಬಳಿ ನೀವು ಕೊಟ್ಟ ವಿಳಾಸಕ್ಕೆ. ಮನೆ ಬದಲಿಸಿದರೆ ಮೊದಲು ಅಲ್ಲಿ ತಿಳಿಸಿ. ಊರಿನಿಂದ ಇಲ್ಲೇ ನೆಲೆಸಲು ಬಂದ ಅಪ್ಪನಿಗೆ 65 ದಾಟಿದ್ದರೆ ಪತ್ರ ತಾನಾಗಿ ಬರುವುದಿಲ್ಲ. ಜಿಪಿ ಬಳಿ ಹೆಸರು ನೋಂದಾಯಿಸಿ, ಹತ್ತಿರದ ಎಎಎ ಸ್ಕ್ರೀನಿಂಗ್ ಕಚೇರಿಗೆ ನೀವೇ ಫೋನ್ ಮಾಡಬಹುದು. ಇಂಗ್ಲಿಷ್ ಕಷ್ಟವಾದರೆ ಆಗಲೇ ಕನ್ನಡ ದುಭಾಷಿ ಬೇಕೆಂದು ಕೇಳಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಹೆಂಗಸರಿಗೆ ಈ ತೊಂದರೆ ಕಡಿಮೆ, ಪತ್ರವೂ ಬರುವುದಿಲ್ಲ. ಆದರೆ ಹೆತ್ತವರಿಗೋ ಒಡಹುಟ್ಟಿದವರಿಗೋ ಇದ್ದರೆ ಜಿಪಿಯನ್ನು ಕೇಳಲೇಬೇಕು. ಬಿ.ಪಿ.ಯನ್ನಂತೂ 40 ದಾಟಿದ, ಜಾಸ್ತಿ ಬಿ.ಪಿ. ಇದೆಯೆಂದು ಇನ್ನೂ ಗೊತ್ತಾಗಿಲ್ಲದವರು ಹೆಚ್ಚಿನ ಫಾರ್ಮಸಿಗಳಲ್ಲಿ ಬಿಟ್ಟಿಯಾಗಿ ನೋಡಿಸಿಕೊಳ್ಳಬಹುದು.